ಶಟ್ ಡೌನ್ ಆದ ಮೇಲೂ ಫ್ಯಾನ್ ತಿರುಗುತ್ತಲೇ ಇದೆ, ಎಸ್‌ಎಂಪಿಎಸ್ ಬದಲಿಸಬೇಕಾ?

ನಿಮ್ಮ ತೊಂದರೆ ಇದು ಅಲ್ವಾ: ವಿಂಡೋಸ್ 10 ಇರುವ ಅಸೆಂಬಲ್ಡ್ ಡೆಸ್ಕ್‌ಟಾಪ್, ಶಟ್ ಡೌನ್ ಕೊಟ್ಟರೆ ಮಾನಿಟರ್ ಕಪ್ಪಾಗುತ್ತದೆ, ಆದರೆ ಕ್ಯಾಬಿನೆಟ್ ಒಳಗೆ ಫ್ಯಾನ್ ನಿಲ್ಲುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದರೆ ಮಾತ್ರ ಆಫ್ ಆಗುತ್ತದೆ. ರಿಸ್ಟಾರ್ಟ್ ಸರಿಯಾಗಿದೆ. ಅಂಗಡಿಯವರು ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಎಲ್ಲಾ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬ) ಹೋಗಿದೆ ಅಂತಿದ್ದಾರೆ.

ದಯವಿಟ್ಟು ಈಗಲೇ ಬದಲಿಸಬೇಡಿ. ನಮ್ಮ ಮನೆಯ ಸಿಸ್ಟಂಗೂ ಹೀಗೇ ಆಗಿತ್ತು. ನಾನು ಅಂಗಡಿಯವರು ಹೇಳಿದ ಮಾತು ಕೇಳಿ ಹೊಸ ಎಸ್‌ಎಂಪಿಎಸ್ ಹಾಕಿಸಿದೆ, ಮನೆಗೆ ತಂದು ಶಟ್ ಡೌನ್ ಕೊಟ್ಟರೆ ಅದೇ ಸಂಜೆ ಮತ್ತೆ ಫ್ಯಾನ್ ಗುಂಯ್ ಅಂತಲೇ ಇತ್ತು.

ಎಸ್‌ಎಂಪಿಎಸ್ ತಾನಾಗಿ ಆನ್ ಆಗುವುದಿಲ್ಲ, ತಾನಾಗಿ ಆಫ್ ಕೂಡ ಆಗುವುದಿಲ್ಲ. ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ ಕನೆಕ್ಟರ್‌ನಲ್ಲಿ ಒಂದು ಹಸಿರು ವೈರ್ ಇರುತ್ತದೆ (ಕೆಲವದರಲ್ಲಿ ಎಲ್ಲಾ ವೈರ್ ಕಪ್ಪೇ, ಆಗ 16ನೇ ಪಿನ್ ನೋಡಬೇಕು). ಬೋರ್ಡ್ ಆ ವೈರನ್ನು ಗ್ರೌಂಡ್‌ಗೆ ಸೇರಿಸಿ ಹಿಡಿದಿರುವಷ್ಟು ಹೊತ್ತು ಕರೆಂಟ್ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಾಗಾಗಿ ಮೂರು ಸಾಧ್ಯತೆ. ವಿಂಡೋಸ್ ಕೊನೆಯ ಆಜ್ಞೆ ಕೊಡುವ ಮೊದಲೇ ಸಿಕ್ಕಿಹಾಕಿಕೊಂಡಿದೆ, ಇಲ್ಲಾ ಬೋರ್ಡ್ ವೈರ್ ಬಿಡುತ್ತಿಲ್ಲ, ಇಲ್ಲಾ ಬಿಟ್ಟರೂ ಎಸ್‌ಎಂಪಿಎಸ್ ಕೇಳುತ್ತಿಲ್ಲ. ಯಾವುದು ಅಂತ ದುಡ್ಡು ಖರ್ಚಿಲ್ಲದೆ ನೀವೇ ನೋಡಬಹುದು.

ಮೊದಲು ರಿಸ್ಟಾರ್ಟ್ ಮಾಡಿ, ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್ (ವಿಂಡೋಸ್ ಬರುವ ಮೊದಲೇ ಸಿಗುವ, ಬೋರ್ಡ್‌ನದೇ ಸೆಟ್ಟಿಂಗ್ ಪರದೆ) ಒಳಗೆ ಹೋಗಿ. ಅಲ್ಲಿ ಪವರ್ ಬಟನ್ ಒಂದೇ ಸಲ ಒತ್ತಿ ಬಿಡಿ, ಹಿಡಿಯಬೇಡಿ. ವಿಂಡೋಸ್ ಇನ್ನೂ ಬಂದಿಲ್ಲದ ಕಾರಣ ಸಿಸ್ಟಂ ತಕ್ಷಣ ಆಫ್ ಆಗಬೇಕು. ಆಯಿತಾ? ಹಾಗಾದರೆ ಬೋರ್ಡ್, ಎಸ್‌ಎಂಪಿಎಸ್ ಎರಡೂ ಬಹುಮಟ್ಟಿಗೆ ಸರಿ ಇವೆ, ತೊಂದರೆ ವಿಂಡೋಸ್ ಕಡೆ. ರಿಸ್ಟಾರ್ಟ್ ಸರಿ ಇದೆ ಅನ್ನುವುದೊಂದರಿಂದ ಇದನ್ನು ಹೇಳಲು ಆಗುವುದಿಲ್ಲ, ಯಾಕಂದರೆ ರಿಸ್ಟಾರ್ಟ್‌ನಲ್ಲಿ ಸಾಮಾನ್ಯವಾಗಿ ಕರೆಂಟ್ ಕಡಿತ ಆಗುವುದೇ ಇಲ್ಲ.

ವಿಂಡೋಸ್ ಕಡೆ ಅಂದರೆ ನನ್ನ ಮೊದಲ ಅನುಮಾನ ಫಾಸ್ಟ್ ಸ್ಟಾರ್ಟಪ್ ಮೇಲೆ. 2012ರಲ್ಲಿ ವಿಂಡೋಸ್ 8 ಜೊತೆ ಬಂದದ್ದು ಇದು. ಇದು ಆನ್ ಇದ್ದರೆ ನೀವು ಶಟ್ ಡೌನ್ ಅಂದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಬೇಗ ಏಳಲಿ ಅಂತ. ಆ ಬರೆದಿಡುವ ಹೊತ್ತಿನಲ್ಲಿ ಯಾವುದಾದರೂ ಡ್ರೈವರ್ (ಒಂದೊಂದು ಸಾಧನವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ಕೈಕೊಟ್ಟರೆ ನಿಮಗೆ ಆಗುತ್ತಿರುವುದೇ ಆಗುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್ ಡೌನ್ ಕ್ಲಿಕ್ ಮಾಡಿ ನೋಡಿ, ಆ ಒಂದು ಸಲ ಪೂರ್ತಿ ಶಟ್ ಡೌನ್ ಆಗುತ್ತದೆ. ಅದರಲ್ಲಿ ಫ್ಯಾನ್ ನಿಂತರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಜಾಗದಲ್ಲಿ ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆದುಬಿಡಿ.

ನನಗೆ ಅದರಿಂದಲೂ ಸರಿಹೋಗಲಿಲ್ಲ. ಆಮೇಲೆ ಕೀಬೋರ್ಡ್, ಮೌಸ್ ಬಿಟ್ಟು ಯುಎಸ್‌ಬಿಯಲ್ಲಿ ಇದ್ದದ್ದನ್ನೆಲ್ಲ ಕಿತ್ತೆ, ನೀಟಾಗಿ ಆಫ್ ಆಯಿತು. ಒಂದೊಂದಾಗಿ ಮತ್ತೆ ಹಾಕುತ್ತಾ ಹೋದಾಗ ಸಿಕ್ಕಿಬಿದ್ದದ್ದು ಹಳೆಯ ವೈಫೈ ಡಾಂಗಲ್, ಅದರ ಡ್ರೈವರ್ ವಿಂಡೋಸ್ 7 ಕಾಲದ್ದು. ಹೊಸ ಡ್ರೈವರ್ ಹಾಕಿದ ಮೇಲೆ ಇವತ್ತಿನವರೆಗೆ ತೊಂದರೆ ಇಲ್ಲ. ನೀವೂ ಇದನ್ನು ತಪ್ಪದೆ ಮಾಡಿ. ಜೊತೆಗೆ ಬೋರ್ಡ್ ತಯಾರಿಸಿದ ಕಂಪನಿಯ ಸೈಟ್‌ನಿಂದ ಚಿಪ್‌ಸೆಟ್ ಡ್ರೈವರ್ ಇಳಿಸಿಕೊಂಡು ಹಾಕಿ.

ಬಯೋಸ್‌ನಲ್ಲೂ ಆಫ್ ಆಗದಿದ್ದರೆ ಮಾತ್ರ ಕ್ಯಾಬಿನೆಟ್ ಬಿಚ್ಚಿ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಎಸ್‌ಎಂಪಿಎಸ್‌ನಿಂದ ಬೋರ್ಡ್‌ಗೆ ಹೋಗುವ 24 ಪಿನ್ ಕನೆಕ್ಟರ್, ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ ಕನೆಕ್ಟರ್ ಎರಡನ್ನೂ ಕಿತ್ತಿಡಿ. ಈಗ ಮತ್ತೆ ಕರೆಂಟ್ ಕೊಡಿ. ಹಸಿರು ವೈರನ್ನು ಹಿಡಿಯುವವರು ಯಾರೂ ಇಲ್ಲ, ಹಾಗಾಗಿ ಏನೂ ತಿರುಗಬಾರದು. ಎಸ್‌ಎಂಪಿಎಸ್ ಫ್ಯಾನೋ, ಅದಕ್ಕೆ ನೇರವಾಗಿ ಜೋಡಿಸಿದ ಕ್ಯಾಬಿನೆಟ್ ಫ್ಯಾನೋ ತಿರುಗಿದರೆ ಅಂಗಡಿಯವರ ಮಾತು ನಿಜ, ಎಸ್‌ಎಂಪಿಎಸ್ ಬದಲಿಸಿ. ಏನೂ ತಿರುಗದಿದ್ದರೆ ಬೋರ್ಡ್ ಮೇಲೆ ಅನುಮಾನ. ಆಗ ಬಯೋಸ್ ಅಪ್‌ಡೇಟ್ ಅಥವಾ ಡೀಫಾಲ್ಟ್ ಸೆಟ್ಟಿಂಗ್ ಒಮ್ಮೆ ಪ್ರಯತ್ನಿಸಿ, ಆಮೇಲೆ ರಿಪೇರಿಗೆ ಕೊಡಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಫ್ಯಾನ್ ನಿಂತು ಮೌಸ್ ಅಥವಾ ಕೀಬೋರ್ಡ್ ಲೈಟ್ ಮಾತ್ರ ಉರಿಯುತ್ತಿದ್ದರೆ ಗಾಬರಿ ಬೇಡ. ಸಿಸ್ಟಂ ಆಫ್ ಇದ್ದರೂ ಬೋರ್ಡ್‌ಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಬರುತ್ತಲೇ ಇರುತ್ತದೆ, ಪವರ್ ಬಟನ್ ಕೆಲಸ ಮಾಡುವುದೇ ಅದರಿಂದ. ಬೇಡ ಅನ್ನಿಸಿದರೆ ಬಯೋಸ್‌ನಲ್ಲಿ ಇಆರ್‌ಪಿ (ErP) ಅನ್ನುವ, ಆಫ್ ಇದ್ದಾಗ ಕರೆಂಟ್ ಉಳಿಸುವ ಸೆಟ್ಟಿಂಗ್ ಆನ್ ಮಾಡಿ.

ಸರಿಹೋಗುವವರೆಗೆ ಯುಪಿಎಸ್ ಸ್ವಿಚ್ ಸುಮ್ನೆ ಟಪ್ ಅಂತ ಆಫ್ ಮಾಡಬೇಡಿ. ಹಾರ್ಡ್ ಡಿಸ್ಕ್ ಲೈಟ್ ಮಿನುಗುತ್ತಿದ್ದರೆ ವಿಂಡೋಸ್ ಇನ್ನೂ ಏನೋ ಬರೆಯುತ್ತಿದೆ ಅಂತ ಅರ್ಥ, ಫೈಲ್ ಹಾಳಾಗಬಹುದು. ಅದು ಪೂರ್ತಿ ನಿಂತು ಒಂದೆರಡು ನಿಮಿಷ ಆದ ಮೇಲೆ ಬಟನ್ ಸುಮಾರು 4 ಸೆಕೆಂಡ್ ಒತ್ತಿ ಹಿಡಿಯಿರಿ.