ಮನೆ ಒಪ್ಪುವ ಮೊದಲು ಸಂಪು ನೋಡಿ

ಪ್ರಶ್ನೆ: ನಮ್ಮ ಮನೆಯವರು ರೈಲ್ವೆಯಲ್ಲಿದ್ದಾರೆ. ಹುಬ್ಬಳ್ಳಿಯಿಂದ ಮೈಸೂರಿಗೆ ವರ್ಗ ಆಗಿದೆ, ಆಫೀಸು ಸ್ಟೇಷನ್ ಹತ್ತಿರವೇ. ಕ್ವಾರ್ಟರ್ಸ್ ಸದ್ಯಕ್ಕೆ ಸಿಗುವುದಿಲ್ಲವಂತೆ. ರಿಂಗ್ ರೋಡ್ ಆಚೆ ಒಂದು ಹೊಸ ಮನೆ ಇದೆ, ಬಾಡಿಗೆ ಕಡಿಮೆ. ಹಿಡಿಯಬಹುದಾ? ಜೊತೆಗೆ ನಮ್ಮ ಅತ್ತೆಯವರಿಗೆ ದಿನಾ ಜೋಳದ ರೊಟ್ಟಿ ಬೇಕೇ ಬೇಕು. ಅಲ್ಲಿ ಜೋಳ ಸಿಗುತ್ತದಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಲ್ವಾ? ಕೊಡುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಅಲ್ಲಿ ನಲ್ಲಿ ನೀರು ಬರುತ್ತದಾ, ಬರೀ ಬೋರ್ ನೀರಾ? ಮೈಸೂರಿನ ಹಳೆಯ ಬಡಾವಣೆಗಳಿಗೆ ಕಾವೇರಿ ನೀರಿದೆ, ಕೆಲವು ಕಡೆ ಕಬಿನಿ ನೀರು. ಆದರೆ ಊರು ಬೆಳೆದಷ್ಟು ಬೇಗ ಪೈಪು ಹೋಗಿಲ್ಲ. ಹೊರಗಿನ ಎಷ್ಟೋ ಖಾಸಗಿ ಲೇಔಟುಗಳು ಇವತ್ತಿಗೂ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡಿವೆ.

ನಾವೂ ಅಂಥ ಒಂದು ಮನೆಯಲ್ಲಿ ಎರಡು ವರ್ಷ ಇದ್ದೆವು. ಗಾಳಿ ಬೆಳಕು ಚೆನ್ನಾಗಿತ್ತು, ಮಾರ್ಬಲ್ ನೆಲ, ನೋಡಿದ ದಿನವೇ ಒಪ್ಪಿಬಿಟ್ಟೆವು. ಆಮೇಲೆ ಆರು ಸೀಟಿ ಕೂಗಿಸಿದರೂ ತೊಗರಿಬೇಳೆ ಬೇಯದು, ಬಿಂದಿಗೆ ಒಳಗೆಲ್ಲ ಬಿಳಿ ಪೊರೆ, ಬಟ್ಟೆಗೆ ಎಷ್ಟು ಸೋಪು ತಿಕ್ಕಿದರೂ ನೊರೆ ಬಾರದು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೊಟ್ಟ ದುಡ್ಡು ಸೇರಿಸಿದರೆ ಊರೊಳಗಿನ ಬಾಡಿಗೆಯೇ ಆಗಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಮನೆ ನೋಡಲು ಬೆಳಗ್ಗೆ ನೀರು ಬಿಡುವ ಹೊತ್ತಿಗೆ ಹೋಗಿ, ಸಂಪಿನ ಮುಚ್ಚಳ ತೆಗೆಸಿ ನೋಡಿ. ಬ್ರೋಕರ್ ಮಾತಿಗಿಂತ ಪಕ್ಕದ ಮನೆಯವರ ಮಾತು ನಂಬಿ.

ಆಫೀಸು ಸ್ಟೇಷನ್ ಹತ್ತಿರ ಅಂದರೆ ನಾನಂತೂ ಯಾದವಗಿರಿ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ ಕಡೆ ಮೊದಲು ಹುಡುಕುತ್ತಿದ್ದೆ. ಗೋಕುಲಂ ಒಳ್ಳೆಯ ಜಾಗ, ಆದರೆ ಯೋಗ ಕಲಿಯಲು ವಿದೇಶದಿಂದ ಬರುವವರು ಅಲ್ಲೇ ಉಳಿಯುವುದರಿಂದ ಬಾಡಿಗೆ ಜಾಸ್ತಿ. ಸರಸ್ವತಿಪುರಂ ಕೂಡ ನೋಡಿ, ಅತ್ತೆಯವರು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಾಲ್ಕು ಹೆಜ್ಜೆ ಓಡಾಡಬಹುದು. ಈ ಹಳೆಯ ಏರಿಯಾಗಳಲ್ಲಿ ಎಷ್ಟೋ ಓನರ್‌ಗಳು ಮೊಬೈಲಿನಲ್ಲಿ ಜಾಹೀರಾತು ಹಾಕುವುದಿಲ್ಲ, ಗೇಟಿಗೆ ಒಂದು ರಟ್ಟಿನ ಬೋರ್ಡು ಕಟ್ಟಿ ಸುಮ್ಮನಿರುತ್ತಾರೆ. ಒಂದು ಭಾನುವಾರ ಇಬ್ಬರೂ ಬಂದು ಕ್ರಾಸ್ ಕ್ರಾಸ್ ನಡೆದುಬಿಡಿ. ಕೋಣೆ ಚಿಕ್ಕವು, ಕಾರಿಗೆ ಜಾಗ ಇರುವುದಿಲ್ಲ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅತ್ತೆಯವರಿಗೋಸ್ಕರ ಕೆಳಗಿನ ಮನೆಯನ್ನೇ ಕೇಳಿ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಭೋಗ್ಯಕ್ಕೆ ಕೊಡುತ್ತೇವೆ ಅಂದರೆ ಆತುರ ಬೇಡ. ಮನೆ ಮೇಲೆ ಸಾಲ ಇದೆಯಾ ಅಂತ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡದೆ ಲಕ್ಷಗಟ್ಟಲೆ ದುಡ್ಡು ಕೈಬಿಡಬೇಡಿ. ಹಿಂದೆ ಇದ್ದ ಬಾಡಿಗೆದಾರರು ಉಚಿತ ಕರೆಂಟಿನ ಗೃಹಜ್ಯೋತಿಗೆ ಕೊಟ್ಟಿದ್ದ ಆಧಾರ್ ಜೋಡಣೆ ತೆಗೆಸಿದ್ದಾರಾ ಅಂತಲೂ ಕೇಳಿ.

ಇನ್ನು ರೊಟ್ಟಿ. ಪ್ಯಾಕೆಟ್ ಹಿಟ್ಟು ತರಲೇಬೇಡಿ, ಎಷ್ಟು ದಿನದ್ದೋ ಏನೋ, ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಸಂತೇಪೇಟೆಗೆ ಹೋಗಿ ಬಿಳಿಜೋಳ ತನ್ನಿ, ಎರಡೆರಡೇ ಕಿಲೋ ಮಿಲ್ಲಿಗೆ ಹಾಕಿಸಿ. ಇಲ್ಲಿಯ ಮಿಲ್ಲಿನಲ್ಲಿ ರಾಗಿ ಜಾಸ್ತಿ ಬೀಸುತ್ತಾರೆ, ಅದರ ಹಿಂದೆಯೇ ನಿಮ್ಮ ಜೋಳ ಹಾಕಿದರೆ ಮೊದಲ ಬೊಗಸೆ ಹಿಟ್ಟು ಕಪ್ಪಗೆ ಬರುತ್ತದೆ, ಮುಂಚೆಯೇ ಹೇಳಿಬಿಡಿ. ಅಂಗಡಿಯಲ್ಲಿ ಗುರೆಳ್ಳು ಅಂದರೆ ತಿಳಿಯದೆ ಹೋಗಬಹುದು, ಹುಚ್ಚೆಳ್ಳು ಅನ್ನಿ, ಶೇಂಗಾಕ್ಕೆ ಕಡಲೆಕಾಯಿ ಬೀಜ ಅನ್ನಿ. ದೇವರಾಜ ಮಾರ್ಕೆಟ್ಟಿನಲ್ಲಿ ಈರನಗೆರೆ ಬದನೆ ಕಂಡ ದಿನ ಬಿಡಬೇಡಿ, ಎಣ್ಣೆಗಾಯಿ ಮಾಡಿ ಅತ್ತೆಯವರಿಗೆ ಬಡಿಸಿ.

ಪ್ರಶ್ನೆ: ಮಗನಿಗೆ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ಪಿಜಿಗೆ (ಪೇಯಿಂಗ್ ಗೆಸ್ಟ್) ಸೇರಿಸಲಾ, ರೂಮು ಮಾಡಿಸಲಾ?
(ಓದುಗರು, ಚಾಮರಾಜನಗರ)

ಉತ್ತರ: ಮೊದಲು ಹಾಸ್ಟೆಲ್ಲಿಗೆ ಅರ್ಜಿ ಹಾಕಿಸಿ. ಸಿಗದಿದ್ದರೆ ಪಡುವಾರಹಳ್ಳಿಯಲ್ಲಿ ಇಬ್ಬರು ಮೂವರು ಸೇರಿ ರೂಮು ಮಾಡಲಿ, ಕ್ಲಾಸಿಗೆ ನಡೆದೇ ಹೋಗಬಹುದು. ಪಿಜಿಯೇ ಬೇಕು ಅಂದರೆ ಮಧ್ಯಾಹ್ನ ಊಟದ ಹೊತ್ತಿಗೆ ಹೇಳದೆ ಹೋಗಿ, ಅಡುಗೆಮನೆ ನೋಡಿ, ದುಡ್ಡು ಕೊಟ್ಟು ಒಂದು ಊಟ ಮಾಡಿ. ಸಾರು ಬಾಯಿಗೆ ಹಿಡಿಸಿದರೆ ಮಾತ್ರ ಅಡ್ವಾನ್ಸ್ ಕೊಡಿ. ಆವತ್ತು ಬೆಳಗಿನ ತಿಂಡಿಗೆ ಮಗನನ್ನು ನಜರಬಾದಿನ ಮೈಲಾರಿ ಹೋಟೆಲಿಗೆ ಕರೆದುಕೊಂಡು ಹೋಗಿ. ಗರಿಗರಿ ದೋಸೆ ಅಲ್ಲ ಅದು, ಹತ್ತಿಯ ಹಾಗೆ ಮೆತ್ತಗೆ, ಮೇಲೆ ಬೆಣ್ಣೆ. ಭಾನುವಾರ ಮಾತ್ರ ಬೇಡ, ಬಾಗಿಲಲ್ಲೇ ಕಾಯಬೇಕಾಗುತ್ತದೆ.