ಬೆಂಚು ಬದಲಾಯಿಸಿದರೆ ಸಾಲದು

ಪ್ರಶ್ನೆ: ಒಂಬತ್ತನೇ ತರಗತಿಯ ಮಕ್ಕಳು ಊರೂರಿನವರು, ಕೇರಿಕೇರಿಯವರು ಬೇರೆ ಬೇರೆ ಕೂರುತ್ತಾರೆ. ಜಾಗ ಬದಲಾಯಿಸಿ ಕೂರಿಸಿದರೂ ಬೆಲ್ ಹೊಡೆದ ಕೂಡಲೇ ಮತ್ತೆ ಅದೇ ಗುಂಪು. ಏನು ಮಾಡಲಿ?
– ಸಮಾಜ ವಿಜ್ಞಾನ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: ಪಕ್ಕದಲ್ಲಿ ಕೂತ ಮಾತ್ರಕ್ಕೆ ಸ್ನೇಹ ಹುಟ್ಟದು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗದಂತಿರಬೇಕು. ಅಮೆರಿಕದ ಆಸ್ಟಿನ್ ನಗರದಲ್ಲಿ ಕಪ್ಪು, ಬಿಳಿ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿ ಜಗಳ ಹೆಚ್ಚಾದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ‘ಜಿಗ್ಸಾ’ ಎಂಬ ಪಾಠಕ್ರಮ ರೂಪಿಸಿದ್ದು ಇದೇ ಕಾರಣಕ್ಕೆ.

ಮೂಲಭೂತ ಹಕ್ಕುಗಳ ಪಾಠ ಇದಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಹಕ್ಕುಗಳು ಆರು. 36 ಮಕ್ಕಳಿದ್ದರೆ ಆರಾರು ಮಂದಿಯ ಆರು ತಂಡ. ತಂಡ ಆರಿಸುವುದು ನೀವೇ. ಪ್ರತಿ ಮಗುವಿಗೂ ಒಂದೊಂದು ಹಕ್ಕಿನ ಅರ್ಧ ಪುಟದ ಚೀಟಿ ಕೊಡಿ. ಮೊದಲು ಒಂದೇ ಚೀಟಿ ಸಿಕ್ಕವರೆಲ್ಲ ಸೇರಿ 15 ನಿಮಿಷ ಓದಿ, ಹೇಗೆ ವಿವರಿಸುವುದೆಂದು ಅಭ್ಯಾಸ ಮಾಡಲಿ. ಓದಿನಲ್ಲಿ ಹಿಂದಿರುವ ಮಗುವಿನ ಮಾನ ಉಳಿಯುವುದು ಇಲ್ಲೇ, ಈ ಹಂತ ಬಿಡಬೇಡಿ. ಆಮೇಲೆ ತಮ್ಮ ತಂಡಕ್ಕೆ ಮರಳಿ ತಲಾ ನಾಲ್ಕು ನಿಮಿಷ ಕಲಿಸಲಿ. ಮರುದಿನ ಆರೂ ಹಕ್ಕುಗಳ ಮೇಲೆ ಕಿರುಪರೀಕ್ಷೆ.

ಕೆಡುವುದೆಲ್ಲಿ? ಪಠ್ಯಪುಸ್ತಕ ಕೈಯಲ್ಲಿದ್ದರೆ ಯಾರಿಗೂ ಯಾರೂ ಬೇಡ. ಅಂದು ಪುಸ್ತಕ ಚೀಲದಲ್ಲೇ ಇರಲಿ. ಇಡೀ ತಂಡಕ್ಕೆ ಒಂದೇ ಅಂಕ ಕೊಟ್ಟರೆ ಸೋಲಿನ ಹೊಣೆ ಹಿಂದುಳಿದ ಮಗುವಿನ ತಲೆಗೆ ಬೀಳುತ್ತದೆ; ಅಂಕ ಅವರವರಿಗೇ ಕೊಡಿ. ‘ನಿಮ್ಮನ್ನೆಲ್ಲ ಒಂದು ಮಾಡಲು ಇದು’ ಎಂದು ಭಾಷಣವನ್ನಂತೂ ಮಾಡಲೇಬೇಡಿ. ಒಂದು ಪಾಠಕ್ಕೇ ನಿಲ್ಲಿಸಿದರೆ ಏನೂ ಆಗದು. ಅದೇ ತಂಡಗಳು ಕೆಲವು ವಾರ ಮುಂದುವರಿಯಬೇಕು.

ಪ್ರಶ್ನೆ: ಶಾಲಾ ಸಂಸತ್ತಿನ ಚುನಾವಣೆ ಬಂದರೆ ಮಕ್ಕಳು ಜಾತಿ ನೋಡಿ ವೋಟು ಹಾಕುತ್ತಾರೆ. ನಿಲ್ಲಿಸಿಬಿಡುವುದೇ ವಾಸಿಯಲ್ಲವೇ?
– ಮುಖ್ಯ ಶಿಕ್ಷಕರು, ತುಮಕೂರು ಜಿಲ್ಲೆ

ಉತ್ತರ: ನಿಲ್ಲಿಸಬೇಡಿ, ಮತದಾನದ ಕ್ರಮ ಬದಲಿಸಿ. ಒಂದೇ ಗುರುತು ಹಾಕುವ ಚೀಟಿಯಲ್ಲಿ ದೊಡ್ಡ ಗುಂಪಿನ ಹುಡುಗ ತನ್ನವರ ವೋಟಿನಲ್ಲೇ ಗೆಲ್ಲುತ್ತಾನೆ, ಬೇರೆಯವರ ಬಳಿ ಹೋಗುವ ದರ್ದು ಅವನಿಗಿಲ್ಲ. ‘ಒಪ್ಪಿಗೆಯಾದ ಎಲ್ಲರಿಗೂ ಟಿಕ್ ಹಾಕಿ’ ಎಂದರೆ ಎಲ್ಲ ಕಡೆ ಮಾತಾಡಿಸಿದವನಿಗೆ ಲಾಭ. ಎರಡು ಗುಂಪೇ ಇದ್ದು ಹಟಕ್ಕೆ ಬಿದ್ದರೆ ಇದೂ ಸೋಲುತ್ತದೆ. ಅದಕ್ಕೆ ನಾಮಪತ್ರಕ್ಕೆ ಬೇರೆ ಬೇರೆ ತರಗತಿಗಳ ಐವರು ಸೂಚಕರಿರಲಿ, ಅವರಲ್ಲಿ ಇಬ್ಬರಾದರೂ ಹುಡುಗಿಯರು. ಪಕ್ಷಗಳ ಚಿಹ್ನೆ, ಬಣ್ಣ ಬೇಡ. ಮತಗಟ್ಟೆಗೆ ರಟ್ಟಿನ ಮರೆ ಬೇಕೇ ಬೇಕು: ಗೆಳೆಯರ ಕಣ್ಣೆದುರು ಯಾವ ಮಗುವೂ ಸ್ವಂತ ಬುದ್ಧಿಯಿಂದ ಗುರುತು ಹಾಕದು. ಸಮ ಮತ ಬಂದರೆ ಚೀಟಿ ಎತ್ತಿ. ನಮ್ಮ ಚುನಾವಣಾ ಕಾನೂನೂ ಅದನ್ನೇ ಹೇಳುತ್ತದೆ.

ಗೆದ್ದವರಿಗೆ ಕೆಲಸ ಕೊಡದಿದ್ದರೆ ಇದೆಲ್ಲ ವ್ಯರ್ಥ. ತಿಂಗಳಿಗೊಂದು ಸಭೆ, ನಡಾವಳಿ ಪುಸ್ತಕ, ಶೌಚಾಲಯದ ನೀರಿನ ಬಗ್ಗೆ ಪ್ರಶ್ನೆ ಬಂದರೆ ಮುಂದಿನ ಸಭೆಯಲ್ಲಿ ನಿಮ್ಮ ಉತ್ತರ.

ಪ್ರಶ್ನೆ: ಮೂಲಭೂತ ಕರ್ತವ್ಯ ಪಾಲಿಸದಿದ್ದರೆ ಶಿಕ್ಷೆ ಇದೆಯಾ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ನೇರ ಶಿಕ್ಷೆ ಇಲ್ಲಮ್ಮ. 1976ರ 42ನೇ ತಿದ್ದುಪಡಿ 51ಎ ವಿಧಿಯಲ್ಲಿ ಹತ್ತು ಕರ್ತವ್ಯ ಸೇರಿಸಿತು, 2002ರಲ್ಲಿ ಹನ್ನೊಂದನೆಯದು ಬಂತು. ಸೌಹಾರ್ದ ಬೆಳೆಸುವುದೂ ಅವುಗಳಲ್ಲೊಂದು. ಆದರೆ ಬಿಸಿಯೂಟಕ್ಕೆ ಯಾರನ್ನಾದರೂ ಜಾತಿಯ ಕಾರಣಕ್ಕೆ ಬೇರೆ ಕೂರಿಸಿದರೆ ಅದು ಬರೀ ಕರ್ತವ್ಯಲೋಪವಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ, 1955ರ ಕಾಯ್ದೆಯಡಿ ಅದು ಅಪರಾಧ.