ಬಾನೆಟ್ ಚಪ್ಪಟೆಯಾದರೂ ಏರ್‌ಬ್ಯಾಗ್ ತೆರೆಯಲಿಲ್ಲ, ಮೋಸ ಅಲ್ವಾ?

ಪ್ರಶ್ನೆ: ರಾತ್ರಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವಾಗ ಹೈವೇ ಪಕ್ಕ ನಿಂತಿದ್ದ ಲಾರಿಗೆ ನನ್ನ ಕಾರು ಹಿಂದಿನಿಂದ ಗುದ್ದಿತು. ಬಾನೆಟ್ ನಜ್ಜುಗುಜ್ಜಾಯಿತು. ಏರ್‌ಬ್ಯಾಗ್ ಮಾತ್ರ ತೆರೆಯಲಿಲ್ಲ. ಕಂಪನಿಯವರು ಮೋಸ ಮಾಡಿದ್ದಾರೆ ಅಲ್ವಾ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಜೊತೆಗೆ ಚಪ್ಪಟೆಯಾದ ಬಾನೆಟ್ಟಿನ ಫೋಟೋ ಬೇರೆ. ಬಾನೆಟ್ ಎಷ್ಟು ಹಾಳಾಯಿತು ಅಂತ ಏರ್‌ಬ್ಯಾಗಿಗೆ ಗೊತ್ತೇ ಆಗುವುದಿಲ್ಲ ಸ್ವಾಮಿ. ಅದು ನೋಡುವುದು ಕಾರಿನ ವೇಗ ಎಷ್ಟು ದಿಢೀರನೆ ಇಳಿಯಿತು ಅನ್ನುವುದನ್ನು. ಒಂದೇ ವೇಗದಲ್ಲಿ ಕಾಂಕ್ರೀಟ್ ಗೋಡೆಗೆ ಗುದ್ದುವುದೂ ಹುಲ್ಲಿನ ಬಣವೆಗೆ ಗುದ್ದುವುದೂ ಒಂದೇ ಅಲ್ಲವಲ್ಲ.

ಗೇರ್ ಲಿವರ್ ಆಸುಪಾಸಿನಲ್ಲಿ, ಕನ್ಸೋಲ್ ಕೆಳಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಗುದ್ದಿದ ಮೊದಲ 15-20 ಮಿಲಿಸೆಕೆಂಡಿನಲ್ಲಿ ಏರ್‌ಬ್ಯಾಗ್ ತೆರೆಯಬೇಕಾ ಬೇಡವಾ ಅಂತ ಅದು ತೀರ್ಮಾನ ಮಾಡಬೇಕು. ತೆರೆಯಬೇಕು ಅಂದರೆ ಸ್ಟೇರಿಂಗ್ ಒಳಗಿನ ಇಗ್ನೈಟರ್ (ಕಿಡಿ ಹಚ್ಚುವ ಭಾಗ) ಹತ್ತಿಕೊಂಡು ರಾಸಾಯನಿಕ ಉರಿಯುತ್ತದೆ. ಹಿಂದೆ ಸೋಡಿಯಂ ಅಜೈಡ್ ಇರುತ್ತಿತ್ತು, ಈಗ ಹೆಚ್ಚಾಗಿ ಗ್ವಾನಿಡಿನ್ ನೈಟ್ರೇಟ್. ಅದರಿಂದ ಬರುವ ಅನಿಲ ಇನ್ನು 30-40 ಮಿಲಿಸೆಕೆಂಡಿನಲ್ಲಿ ಚೀಲ ತುಂಬುತ್ತದೆ. ಕಣ್ಣು ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ನಿಮ್ಮ ಮುಖ ತಾಗುವಷ್ಟರಲ್ಲಿ ಚೀಲದ ಹಿಂದಿನ ತೂತುಗಳಿಂದ ಗಾಳಿ ಇಳಿಯಲು ಶುರುವಾಗಿರಬೇಕು. ಪೆಟ್ಟು ತಗ್ಗಿಸುವುದೇ ಆ ಇಳಿಯುವಿಕೆ.

ಗಂಟೆಗೆ ಸುಮಾರು 20-25 ಕಿ.ಮೀ. ವೇಗದಲ್ಲಿ ಅಲುಗದ ಗೋಡೆಗೆ ನೇರ ಗುದ್ದಿದಷ್ಟು ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಮುಂದಿನ ಏರ್‌ಬ್ಯಾಗ್ ತೆರೆಯುತ್ತದೆ. ಲಾರಿ ಕಥೆ ಬೇರೆ. ಅದರ ಹಿಂಭಾಗ ನಿಮ್ಮ ಬಂಪರ್‌ಗಿಂತ ಎತ್ತರ. ಪೆಟ್ಟು ತಡೆಯುವ ಕಾರಿನ ಗಟ್ಟಿ ಚಾಸಿ ತೊಲೆಗಳು ಲಾರಿಯ ಕೆಳಗೆ ನುಸುಳಿಬಿಡುತ್ತವೆ. ಸಿಕ್ಕಿಹಾಕಿಕೊಳ್ಳುವುದು ಬಾನೆಟ್ಟಿನ ತೆಳು ತಗಡು. ಅದು ಮಡಚುತ್ತಾ ಹೋಗುವಾಗ ವೇಗ ನಿಧಾನವಾಗಿ ಇಳಿಯುತ್ತದೆ, ಕಂಪ್ಯೂಟರ್‌ಗೆ ದೊಡ್ಡ ಪೆಟ್ಟು ಅನಿಸುವುದೇ ಇಲ್ಲ. ಅನಿಸುವಷ್ಟರಲ್ಲಿ ಲಾರಿಯ ಹಿಂಭಾಗ ವಿಂಡ್‌ಶೀಲ್ಡ್ ಹತ್ತಿರ ಬಂದಿರುತ್ತದೆ. ಆಗ ಆರು ಏರ್‌ಬ್ಯಾಗ್ ಇದ್ದರೂ ಅಷ್ಟೇ. ಕಾರು ನುಸುಳದಂತೆ ಲಾರಿ ಹಿಂದೆ ಅಡ್ಡ ಕಂಬಿ ಇರಬೇಕು ಅನ್ನುವ ನಿಯಮವಿದೆ. ಹಿರಿಯೂರಿನಿಂದ ಹರಿಹರದವರೆಗೆ ರಾತ್ರಿ ನಿಂತ ಲಾರಿಗಳನ್ನು ನೋಡಿ. ಕಂಬಿ ಬಗ್ಗಿರುತ್ತದೆ, ರಿಫ್ಲೆಕ್ಟರ್ ಮೇಲೆ ಕೆಸರು. ನಾನಂತೂ ಆ ದಾರಿಯಲ್ಲಿ ಕತ್ತಲಾದ ಮೇಲೆ ಎಡ ಲೇನ್ ಹಿಡಿಯುವುದಿಲ್ಲ, 80 ದಾಟುವುದೂ ಇಲ್ಲ. ಹಾರ್ನ್ ಹೊಡೆಯುವವರು ಹೊಡೆದುಕೊಳ್ಳಲಿ.

ಮೋಸವೇ ಇಲ್ಲ ಅಂತ ಫೋಟೋ ನೋಡಿ ಹೇಳಲಾರೆ. ಆ ಕಂಪ್ಯೂಟರ್‌ನಲ್ಲಿ ದೋಷಗಳ ದಾಖಲೆ ಉಳಿಯುತ್ತದೆ. ಸ್ಕ್ಯಾನರ್ ಹಾಕಿ ಓದಿಸಿ, ವರದಿಯನ್ನು ಬರಹದಲ್ಲಿ ಕೇಳಿ. ಗುದ್ದುವ ಮೊದಲೇ ಏರ್‌ಬ್ಯಾಗ್ ಲೈಟ್ ಉರಿಯುತ್ತಿತ್ತಾ, ನೆನಪು ಮಾಡಿಕೊಳ್ಳಿ. ಕೀ ತಿರುಗಿಸಿದಾಗ ಅದು ಕೆಲವು ಸೆಕೆಂಡ್ ಉರಿದು ಆರಬೇಕು. ಆರದಿದ್ದರೆ ದೋಷ. ಉರಿಯದೇ ಇದ್ದರೆ ಇನ್ನೂ ಅನುಮಾನ. ಏಕೆಂದರೆ ಕೆಲವು ಗ್ಯಾರೇಜ್ ಪಂಡಿತರು ಸಿಡಿದುಹೋದ ಏರ್‌ಬ್ಯಾಗ್ ಬದಲಿಸದೆ, ಲೈಟಿನ ಬಲ್ಬನ್ನೇ ಕಿತ್ತುಹಾಕುತ್ತಾರೆ. ಇಲ್ಲವೇ ಏರ್‌ಬ್ಯಾಗಿನ ವೈರಿಗೆ ಒಂದು ರೆಸಿಸ್ಟರ್ (ವಿದ್ಯುತ್ ತಡೆಯುವ ಪುಟ್ಟ ಬಿಡಿಭಾಗ) ಬೆಸುಗೆ ಹಾಕಿ, ಏರ್‌ಬ್ಯಾಗ್ ಇದೆ ಅಂತ ಕಂಪ್ಯೂಟರನ್ನು ನಂಬಿಸಿಬಿಡುತ್ತಾರೆ; ಆಗ ಲೈಟ್ ಸರಿಯಾಗೇ ಉರಿದು ಆರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ದಾವಣಗೆರೆಯವರು ಇದನ್ನು ಮೊದಲು ನೋಡಿ, ಪೇಂಟ್ ಆಮೇಲೆ.

ಪ್ರಶ್ನೆ: ಬೆಲ್ಟ್ ಹಾಕದಿದ್ದರೆ ಏರ್‌ಬ್ಯಾಗ್ ತೆರೆಯುವುದೇ ಇಲ್ಲವಂತೆ?

ಉತ್ತರ: ಹೆಚ್ಚಿನ ಕಾರುಗಳಲ್ಲಿ ತೆರೆಯುತ್ತದೆ. ಅಪಾಯ ಇರುವುದೇ ಅಲ್ಲಿ. ಬೆಲ್ಟ್ ಇಲ್ಲದ ಮೈ ಮುಂದಕ್ಕೆ ಜಾರಿರುತ್ತದೆ, ಚೀಲ ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಎದುರಿಗೆ ಬರುತ್ತದೆ. ಎದೆಗೂ ಸ್ಟೇರಿಂಗ್‌ಗೂ ಕನಿಷ್ಠ 25 ಸೆಂ.ಮೀ. ಅಂತರ ಇರಲಿ. ಬೀಪ್ ಶಬ್ದ ನಿಲ್ಲಿಸಲು ಸಿಕ್ಕಿಸುವ ಆ ಖೊಟ್ಟಿ ಕ್ಲಿಪ್ ಇದೆಯಲ್ಲ, 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಅದನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು. ನಿಮ್ಮದನ್ನೂ ಕಸಕ್ಕೆ ಹಾಕಿ.

ಪ್ರಶ್ನೆ: ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳಬಹುದಾ?

ಉತ್ತರ: ಕೂಡದು. ಹಿಂದಿನ ಸೀಟು, ಮಕ್ಕಳ ಸೀಟಿನಲ್ಲೇ. 'ಇಲ್ಲೇ ಜಯದೇವ ಸರ್ಕಲ್‌ವರೆಗೆ' ಅಂದರೂ ಕೂಡದು.

ಪ್ರಶ್ನೆ: ಮುಂದೆ ಬುಲ್ ಗಾರ್ಡ್ ಹಾಕಿಸಲಾ?

ಉತ್ತರ: ಬೇಡ. ಏರ್‌ಬ್ಯಾಗ್ ಲೆಕ್ಕ ತಪ್ಪುತ್ತದೆ, ಕಾನೂನಿಗೂ ವಿರುದ್ಧ.

ಪ್ರಶ್ನೆ: ದಪ್ಪ ಸೀಟ್ ಕವರ್?

ಉತ್ತರ: ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ, ಅದಕ್ಕೆಂದೇ ಹೊಲಿಗೆ ಬಿಟ್ಟ ಕವರ್ ಮಾತ್ರ.

ಪ್ರಶ್ನೆ: ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ವಿಗ್ರಹ ಅಂಟಿಸಬಹುದಾ?

ಉತ್ತರ: ಎಡಗಡೆ ಏರ್‌ಬ್ಯಾಗ್ ಮುಚ್ಚಳದ ಮೇಲೆ ಬೇಡ. ಅದು ಸಿಡಿದರೆ ವಿಗ್ರಹ ನೇರ ಪಕ್ಕದಲ್ಲಿ ಕೂತವರ ಮುಖಕ್ಕೆ ಬರುತ್ತದೆ. ಪುಟ್ಟ ಫೋಟೋ ಸ್ಟಿಕ್ಕರ್ ಸಾಕು, ಅದೂ ಮಧ್ಯದಲ್ಲಿ.